ಇನ್ನೂ ನೀರೈತೆ

ಭಾನುವಾರ ಬೆಳಿಗ್ಗೆ ಹೊನ್ನವಳ್ಳಿ ಕಡೆಯ ತೋಟದ ದಾರಿಗಳಲ್ಲಿ ನಮ್ಮ ಸೈಕಲ್ ಗುಂಪಿಗೆ ಮುಂದಾಳಾಗಿದ್ದವರು ಕೊಬ್ಬರಿ ಸುಲಿಯುವ ಕೆಲಸದವರೊಬ್ಬರು. ಕೆರೆ ಏರಿ ಇಳಿದೊಡನೆ ಸಿಗುವ ಪಾಳು ಮನೆಯೆದುರು ಸೈಕಲ್ ನಿಲ್ಲಿಸಿ, ಗೋಡೆಗೆ ಕಿವಿ ಆನಿಸುತ್ತಿದ್ದರು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯ ನೀರು ಬತ್ತಿದರೆ ಒಳಗೆ ಕೊಬ್ಬರಿ ಗುಡುಗುಡು ಎನ್ನುತ್ತದೆ. ಅದಕ್ಕೇ ಕಿವಿ.

“ಇನ್ನೂ ನೀರೈತೆ, ನಡೀರಪ್ಪ.”

ಆ ಮನೆಗೆ ಅಟ್ಟವಿರಲಿ, ಸೂರೇ ಇಲ್ಲವಲ್ಲ ಎಂದರೆ, “ಗೊತ್ತು ಬುಡು” ಎನ್ನುತ್ತಿದ್ದರು.

ಒಂದು ಭಾನುವಾರ ಬಹಳ ಹೊತ್ತು ಕಿವಿ ತೆಗೆಯಲಿಲ್ಲ. “ಒಣಗೈತೆ ಕಣಪ್ಪ” ಎಂದು ಸೈಕಲ್ಲನ್ನು ಊರ ಕಡೆಗೆ ತಿರುಗಿಸಿದರು. ಮುಂದಿನ ಭಾನುವಾರದೊಳಗೆ ತೀರಿಕೊಂಡರು.

ಈಗ ಗುಂಪಿಗೆ ನಾನು ಮುಂದಾಳು. ಅಲ್ಲಿ ನಿಲ್ಲಬಾರದು ಅಂದುಕೊಂಡೇ ಹೋಗಿ ನಿಲ್ಲುತ್ತೇನೆ. ಹಿಂದಿನವರು ಏನು ಕೇಳಿಸಿತೆಂದು ನಗುತ್ತಾರೆ. “ಇನ್ನೂ ನೀರೈತೆ” ಎನ್ನುತ್ತೇನೆ. ಮೊನ್ನೆಯೂ ಹಾಗೆಯೇ ಹೇಳಿದೆ, ಗೋಡೆಯೊಳಗೆ ಗುಡುಗುಡು ಎನ್ನುತ್ತಿದ್ದರೂ.