ಹೊರಳಿದ ಹುಣಸೆ ಬೀಜ

ಅಂದು ಪಾಮನಕಲ್ಲೂರಿನ ಆ ಪಡಸಾಲೆಯಲ್ಲಿ ನಾವು ಐದು ಜನ ಇದ್ದೆವು. ಮನೆಯ ಹಿರಿಯಳು ನೀಲಮ್ಮ, ಆಕೆಯ ಮಗ ಮಲ್ಲಣ್ಣ, ಸೊಸೆ ಗಿರಿಜಾ, ನಮ್ಮ ಬಳಗದ ಖಾಜಾಸಾಬ ಮತ್ತು ನಾನು. ಹೊತ್ತು ಮಧ್ಯಾಹ್ನ. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಸಂಗತಿ ಹೇಳಲು ಹೋದರೆ ಕೇಳುವವರ ಮೊದಲ ಪ್ರಶ್ನೆ, ಯಾರು ಯಾರು ಇದ್ದಿರಿ, ಕತ್ತಲಿತ್ತೇನು ಎಂಬುದೇ. ನಾನೂ ಹಾಗೆ ಕೇಳುತ್ತಿದ್ದವನೇ. ಯಾರಾದರೂ ದೆವ್ವ ಕಂಡೆ ಎಂದರೆ ರಾತ್ರಿ ಏನು ಉಂಡಿದ್ದೆ ಎಂದು ವಿಚಾರಿಸುತ್ತಿದ್ದೆ. ಈಗ ಹಾಗೆ ಕೇಳುವುದನ್ನು ಬಿಟ್ಟಿದ್ದೇನೆ. ನಂಬಿಕೆ ಬಂದಿದೆ ಎಂದಲ್ಲ. ಏನು ಕೇಳಬೇಕೆಂದು ತಿಳಿಯದಾಗಿದೆ.

ನಮ್ಮ ಬಳಗದ ಬಗ್ಗೆ ಎರಡು ಮಾತು. ಸಿಂಧನೂರಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಅದರ ಅಟ್ಟದ ಮೇಲಿನ ಕೋಣೆಯಲ್ಲಿ ಭಾನುವಾರ ಕೆಲವರು ಸೇರುತ್ತೇವೆ. ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಗೆ ಎಲ್ಲೆಲ್ಲಿಂದಲೋ ಜನ ಬಂದು ನೆಲೆಸಿದರು. ಇಲ್ಲಿದ್ದವರು ಇನ್ನೆಲ್ಲಿಗೋ ಹೋದರು. ಮಕ್ಕಳ ಮದುವೆ ಬಂದಾಗ ಮನೆದೇವರು ಯಾವುದು, ಮುತ್ತಜ್ಜನ ಊರು ಯಾವುದು ಎಂಬ ಪ್ರಶ್ನೆ ಏಳುತ್ತದೆ. ಹೇಳುವ ಹಿರಿಯರು ಇರುವುದಿಲ್ಲ. ಅಂಥವರ ಜೊತೆ ಊರೂರು ತಿರುಗಿ ವಂಶದ ಬಳ್ಳಿ ಹುಡುಕಿಕೊಡುವುದು ನಮ್ಮ ಕೆಲಸ. ಸಂಬಳವಿಲ್ಲ, ಚಹಾ ಮಾತ್ರ ಹೊಟ್ಟೆತುಂಬ ಸಿಗುತ್ತದೆ. ಹಳ್ಳಿಗಳಲ್ಲಿ ಚೇಷ್ಟೆಯವರು ನಮ್ಮನ್ನು ಕಂಡರೆ, 'ಬಂದ್ರು ನೋಡ್ರಪಾ, ಸತ್ತವರ ಜನಗಣತಿ ಮಾಡೋರು' ಎನ್ನುತ್ತಾರೆ.

ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರೆ ಮುದುಕರಿಗೆ ಅರ್ಥವಾಗುವುದಿಲ್ಲ. ಅದಕ್ಕೆ ಖಾಜಾಸಾಬನೇ ಒಂದು ದಾರಿ ಹುಡುಕಿದ. ಆತ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಚೌಕಾಬಾರ ಆಡುವಾಗ ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡುತ್ತೇವಲ್ಲ, ಅಂಥ ಬೀಜಗಳ ಒಂದು ಚೀಲ ಆತನ ಬಳಿ ಇರುತ್ತದೆ. ಮನೆಯ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬೀಜ ಇಡುತ್ತೇವೆ. ಬದುಕಿದ್ದವರಿಗೆ ಕಪ್ಪು ಮೇಲೆ, ಹೋದವರಿಗೆ ಬಿಳಿ ಮೇಲೆ. ಅಜ್ಜಿಯರು ಬಗ್ಗಿ ನೋಡಿ, 'ಇವ ನನ್ನ ಮೈದುನ, ಇವನ ಪಕ್ಕ ಅವನ ಹೇಣತಿನ್ನ ಇಡ್ರಿ, ಬ್ಯಾಡ, ಬ್ಯಾಡ, ಸ್ವಲ್ಪ ದೂರ ಇಡ್ರಿ, ಅವರಿಗೆ ಆಗಿಬರತಿರಲಿಲ್ಲ' ಎಂದು ತಾವೇ ಸರಿಸುತ್ತಾರೆ.

ನೀಲಮ್ಮನ ಕಷ್ಟ ಬೇರೆಯದು. ಆಕೆಗೆ ತಂದೆ ತಾಯಿ ಬೇಗ ಹೋದರು. ತಮ್ಮ ಸಿದ್ದಪ್ಪ ಅಕ್ಕನ ಗಂಡನ ಮನೆಯಲ್ಲೇ ಬೆಳೆದ. ಹರೆಯಕ್ಕೆ ಬಂದ ಮೇಲೆ ಒಂದು ದಿನ ಉಣ್ಣಲು ಕುಳಿತಾಗ ಭಾವನಾದವನು, 'ಅಕ್ಕನ ಮನಿ ರೊಟ್ಟಿ ಇನ್ನೂ ಎಷ್ಟು ದಿನ ತಿಂತೀಪಾ' ಎಂದುಬಿಟ್ಟ. ಸಿದ್ದಪ್ಪ ತಾಟು ಸರಿಸಿ ಎದ್ದು ಹೋದವನು ತಿರುಗಿ ಬರಲಿಲ್ಲ. ಭಾವನೂ ತೀರಿಕೊಂಡು ಎಷ್ಟೋ ವರ್ಷವಾಗಿದೆ. ತವರುಮನೆ ಎಂದು ಉಳಿದವಳು ತಾನೊಬ್ಬಳೇ ಆದ್ದರಿಂದ ತವರಿನ ಹಿರಿಯರಿಗೂ ಎಡೆ ಇಡುವವಳು ನೀಲಮ್ಮನೇ. ತಮ್ಮನ ಹೆಸರಿನಲ್ಲಿ ಮಾತ್ರ ಆಕೆ ಎಂದೂ ಇಟ್ಟಿರಲಿಲ್ಲ. ಈಗ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ಸತ್ತ ಹಿರಿಯರಿಗೆಲ್ಲ ಎಡೆ ಇಡಬೇಕು. ಸತ್ತವನಿಗೆ ಇಡದಿದ್ದರೆ ಅವನು ಹಸಿದಿರುತ್ತಾನೆ, ಬದುಕಿದ್ದವನಿಗೆ ಇಟ್ಟರೆ ಅವನ ಆಯುಷ್ಯಕ್ಕೆ ಕೇಡು. ಆಕೆ ನಮ್ಮ ಅಟ್ಟದ ಮೆಟ್ಟಿಲನ್ನು ಕಷ್ಟಪಟ್ಟು ಹತ್ತಿ ಬಂದು ಕೇಳಿದ್ದು ಇಷ್ಟೇ: 'ಒಮ್ಮೆ ಉಣ್ಣಾಕ ಕುಂತಾವ ಎದ್ದು ಹೋಗ್ಯಾನ್ರಿ. ಮತ್ತೊಮ್ಮೆ ನನ್ನ ಕೈಯಿಂದ ತಪ್ಪಾಗಬಾರದು. ಅದಾನೋ ಇಲ್ಲೋ, ಅಷ್ಟು ಹೇಳ್ರಿ.'

ಹುಡುಕಿದೆವು. ಕಂಡಕ್ಟರಿಕೆಯಲ್ಲಿ ಖಾಜಾಸಾಬನಿಗೆ ಪರಿಚಯವಿಲ್ಲದ ಊರಿಲ್ಲ. ಕೇಳುತ್ತ ಕೇಳುತ್ತ ಲಿಂಗಸುಗೂರಿನ ಆಚೆಯ ಒಂದು ಸಣ್ಣ ಊರಿಗೆ ಹೋದೆವು. ಅಲ್ಲಿ ಹಗ್ಗ ಹೊಸೆಯುವ ಒಬ್ಬ ಮುದುಕ ಇದ್ದ. ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ಅವನು ಹಗ್ಗದಜ್ಜ. ಬಾಗಿಲ ಮುಂದಿನ ಹಾಸುಗಲ್ಲಿನ ತುಂಬ ಪುಂಡಿನಾರು ಒಟ್ಟಿಕೊಂಡು ಅದರ ನಡುವೆ ಕುಳಿತಿದ್ದ. ನಾವು ವಿಷಯ ಹೇಳಿದಾಗ ಕೈ ನಿಲ್ಲಿಸಲಿಲ್ಲ.

'ಸಿದ್ದಪ್ಪನಾ? ಅವ ಸತ್ತು ಬಾಳ ವರ್ಷಾತು. ಜ್ವರ ಬಂದಿತ್ತು. ನಾನೇ ಮಣ್ಣು ಕೊಟ್ಟೀನಿ' ಎಂದ.

ನಾವು ಎದ್ದೆವು. ಹೊರಡುವಾಗ ಅಜ್ಜ, 'ಅವರಕ್ಕ ಅದಾಳೇನ್ರಿ ಇನ್ನೂ?' ಎಂದು ಕೇಳಿದ. ಇದ್ದಾಳೆ, ಎಡೆ ಇಡುತ್ತಾಳೆ ಎಂದೆ.

'ಎಡಿಗೆ ಏನು ಮಾಡ್ತಾಳಂತ?'

'ಸಿಹಿಗೆ ಮಾದಲಿ ಮಾಡಬಹುದು, ಮದುವಿ ಮನಿ ಐತಲ್ಲ' ಎಂದ ಖಾಜಾಸಾಬ.

'ಮಾಡಲಿ. ಅವಂಗ ಮಾದಲಿ ಅಂದ್ರ ಸೇರತಿತ್ತು' ಎಂದು ಅಜ್ಜ ಮತ್ತೆ ನಾರಿನ ಕಡೆ ತಿರುಗಿದ.

ಈ ಸುದ್ದಿಯನ್ನು ಹೊತ್ತುಕೊಂಡೇ ನಾವು ಅಂದು ಪಾಮನಕಲ್ಲೂರಿಗೆ ಹೋದದ್ದು. ಹೇಳಿದೆವು. ನೀಲಮ್ಮ ಅಳಲಿಲ್ಲ. ಕಂಬಕ್ಕೆ ಒರಗಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಖಾಜಾಸಾಬ ಬೀಜಗಳನ್ನು ಹರಡಿದ. ಮೇಲೆ ಆಕೆಯ ತಂದೆ ತಾಯಿ, ಬಿಳಿ. ಕೆಳಗೆ ಆಕೆ, ಕಪ್ಪು. ಪಕ್ಕದಲ್ಲಿ ಸಿದ್ದಪ್ಪ, ಅದೂ ಇನ್ನೂ ಕಪ್ಪು. ಸಾವು ಖಚಿತವಾದಾಗ ಮನೆಯ ಹಿರಿಯರೇ ಬೀಜ ಹೊರಳಿಸುವುದು ನಮ್ಮ ರೂಢಿ. ಆಕೆ ಒಲ್ಲೆನೆಂದು ತಲೆ ಅಲ್ಲಾಡಿಸಿದಳು. 'ನೀವೇ ಹೊರಳಸ್ರಿ' ಎಂದ ಮಲ್ಲಣ್ಣ. ಖಾಜಾಸಾಬ ಹೊರಳಿಸಿದ. ಬಿಳಿ ಮೇಲಾಯಿತು.

ಗಿರಿಜಾ ಚಹಾ ತಂದಳು. ಚಹಾದ ಲೋಟ ಕೈಗೆ ತೆಗೆದುಕೊಂಡು ನೋಡಿದರೆ ಸಿದ್ದಪ್ಪನ ಬೀಜ ಮತ್ತೆ ಕಪ್ಪಾಗಿತ್ತು.

ಮಲ್ಲಣ್ಣ ನಕ್ಕ. 'ಖಾಜಾಸಾಬ್ರ, ಟಿಕೆಟ್ ಹರದು ಹರದು ನಿಮ್ಮ ಕೈ ನಡುಗತಾವ್ರಿ.'

'ನಡುಗಿದ ಕೈಲೇ ಇಷ್ಟು ವರ್ಷ ಚಿಲ್ಲರೆ ಸರಿಯಾಗಿ ಕೊಟ್ಟೀನಪಾ, ನೀನೇ ಇಡು' ಎಂದ ಖಾಜಾಸಾಬ.

ಮಲ್ಲಣ್ಣ ಇಟ್ಟ. ಬಿಳಿ ಮೇಲೆ ಮಾಡಿ ಹೆಬ್ಬೆರಳಿನಿಂದ ಒತ್ತಿದ. ಕರೆಂಟು ಹೋಗಿತ್ತು, ಫ್ಯಾನು ತಿರುಗುತ್ತಿರಲಿಲ್ಲ. ಬಾಗಿಲಲ್ಲಿ ಯಾರೋ ಮಜ್ಜಿಗೆ ಕೇಳಲು ಬಂದರು, ಎಲ್ಲರೂ ಅತ್ತ ನೋಡಿದೆವು. ಇತ್ತ ತಿರುಗಿದಾಗ ಬೀಜ ಕಪ್ಪು. ಈ ಸಲ ಯಾರೂ ನಗಲಿಲ್ಲ. ಗಿರಿಜಾ ಸೆರಗನ್ನು ಬಾಯಿಗೆ ಹಿಡಿದುಕೊಂಡು ಬಾಗಿಲಿಗೆ ಆತು ನಿಂತಳು. ನಾನು ಬೀಜವನ್ನು ಎತ್ತಿ ನೋಡಿದೆ. ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು, ಉಳಿದವುಗಳ ಹಾಗೆಯೇ. ನೆಲವೂ ಸಮನಾಗಿತ್ತು, ಶಹಾಬಾದಿ ಕಲ್ಲು.

'ನಾನು ಇಡತೀನಿ. ಇಟ್ಟು ನೋಡ್ತಾ ಕುಂದರತೀನಿ' ಎಂದೆ.

ಬಿಳಿ ಮೇಲೆ ಮಾಡಿ ಇಟ್ಟೆ. ಕಣ್ಣು ಕೀಳದೆ ನೋಡುತ್ತ ಕುಳಿತೆ. ನೀಲಮ್ಮ ಅಷ್ಟು ದೂರದಲ್ಲಿ ಕಂಬಕ್ಕೆ ಒರಗಿಕೊಂಡೇ ಇದ್ದಳು. ಹೊರಗೆ ಮಸ್ಕಿ ಬಸ್ಸಿನ ಹಾರ್ನ್ ಕೇಳಿದ ನೆನಪಿದೆ. ಅಷ್ಟರಲ್ಲಿ ನಾನು ನೋಡುತ್ತಿದ್ದ ಬೀಜ ಕಪ್ಪಾಗಿತ್ತು. ಓದುಗರೇ, ಇದನ್ನು ಹೇಗೆ ಹೇಳಲಿ? ಅದು ಹೊರಳಿದ್ದನ್ನು ನಾನು ನೋಡಲಿಲ್ಲ. ಸದ್ದಾಗಲಿಲ್ಲ. ಬಿಳಿ ಇದ್ದದ್ದು ಗೊತ್ತು, ಕಪ್ಪು ಇದ್ದದ್ದು ಗೊತ್ತು. ನಡುವೆ ಏನಾಯಿತು ಎಂಬುದು ನನ್ನ ಕಣ್ಣಿಗೆ ಬಿದ್ದಿಲ್ಲ. ರೆಪ್ಪೆ ಬಡಿದಿರಬೇಕು, ಅಷ್ಟು ಸಣ್ಣ ಹೊತ್ತಿನಲ್ಲಿ ಒಬ್ಬರು ಬಂದು ಹೊರಳಿಸಿ ಹೋಗಲಾದೀತೇ?

ನೀಲಮ್ಮ ಆಗ ಬಾಯಿ ತೆರೆದಳು. 'ಬ್ಯಾಡ ಬಿಡ್ರಿ. ಎಡಿ ಇಡಂಗಿಲ್ಲ ನಾ.'

ಮಲ್ಲಣ್ಣನಿಗೆ ಸಿಟ್ಟು ಬಂತು. 'ಮಣ್ಣು ಕೊಟ್ಟವನೇ ಹೇಳ್ಯಾನ. ಹುಣಸಿ ಬೀಜದ ಮಾತು ಕೇಳಿ ಮದುವಿ ಮಾಡ್ತೀ ಏನಬೇ? ನಾಳೆ ಹುಡುಗಿಗೆ ಏನರ ಹೆಚ್ಚುಕಡಿಮೆ ಆದ್ರ?'

'ಆ ಜಾಗಾ ತೋರಸ್ರಿ. ಮಣ್ಣು ನೋಡತೀನಿ. ನೋಡಿದ ಮ್ಯಾಲ ಇಡತೀನಿ' ಎಂದಳು.

ನಾವು ಹೊರಡುವಾಗ ನೀಲಮ್ಮ ಆ ಬೀಜವನ್ನು ತನಗೆ ಕೊಡಿ ಎಂದು ಕೇಳಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಹಗ್ಗದಜ್ಜನ ಊರಿನ ಒಬ್ಬ ಕಿರಾಣಿ ಅಂಗಡಿಯವನ ಫೋನ್ ನಂಬರ್ ನನ್ನಲ್ಲಿತ್ತು. ಸಿದ್ದಪ್ಪನ ಅಕ್ಕ ಬರುತ್ತಾಳೆ, ಮಣ್ಣು ಕೊಟ್ಟ ಜಾಗ ತೋರಿಸಲು ಹಗ್ಗದಜ್ಜನಿಗೆ ಹೇಳಿಡು ಎಂದು ತಿಳಿಸಿದೆ. ಮುಂದಿನ ವಾರ ಒಂದು ಜೀಪು ಮಾಡಿಕೊಂಡು ನೀಲಮ್ಮ, ಖಾಜಾಸಾಬ, ನಾನು ಹೋದೆವು. ಅಜ್ಜನ ಬಾಗಿಲಿಗೆ ಬೀಗ. ಅಂಗಡಿಯವನು, 'ನೀವು ಬರ್ತೀರಿ ಅಂತ ಹೇಳಿದೆ. ನಸಿಕಿನ್ಯಾಗ ಎದ್ದು ನಾರಿನ ಗಂಟು ಹೊತಗೊಂಡು ಹೋಗ್ಯಾನ್ರಿ. ಎಲ್ಲಿಗಂತ ಹೇಳಿಲ್ಲ' ಎಂದ. ಸಿದ್ದಪ್ಪ ಎಂಬವನಿಗೆ ಮಣ್ಣು ಕೊಟ್ಟದ್ದು ಆ ಊರಿನಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಹಗ್ಗದಜ್ಜ ಯಾವ ಊರಿನಿಂದ ಬಂದವನು ಎಂದರೆ ಅದೂ ಗೊತ್ತಿಲ್ಲ. 'ಹಗ್ಗ ಗಟ್ಟಿ ಇರತಿತ್ರಿ, ಊರು ಯಾರು ಕೇಳತಾರ' ಎಂದರು.

ನಾರು ಇಲ್ಲದ್ದರಿಂದ ಹಾಸುಗಲ್ಲು ಬರಿದಾಗಿತ್ತು. ಅದರ ಮೇಲೆ ಉಳಿಯಿಂದ ಕೆತ್ತಿದ ಚೌಕಾಬಾರದ ಮನೆಗಳು ಕಾಣಿಸಿದವು. ಅದರಲ್ಲೇನೂ ವಿಶೇಷವಿಲ್ಲ, ನಮ್ಮ ಕಡೆ ಕಟ್ಟೆಕಟ್ಟೆಗೂ ಇರುತ್ತವೆ. ನೀಲಮ್ಮ ಮಾತ್ರ ಮೆಲ್ಲಗೆ ಬಗ್ಗಿ ಕಲ್ಲಿನ ಮೇಲೆ ಕುಳಿತಳು. ಒಂದು ಮೂಲೆಯ ಮನೆಯ ಮೇಲೆ ಬೆರಳಾಡಿಸಿದಳು. ಅಲ್ಲಿ ಅಡ್ಡಗೀಟು ಹಾಕಿತ್ತು. ಗೀಟು ಹಾಕಿದ ಮನೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಆದರೆ ಅಂಥ ಮನೆಗಳು ಬದಿಗಳ ನಡುವೆ ಇರುತ್ತವೆ, ಮೂಲೆಯಲ್ಲಿ ಇರುವುದಿಲ್ಲ.

'ಸಣ್ಣಾವಿದ್ದಾಗ ಕಾಯಿ ಹೊಡದರ ಅಳತಿದ್ದ' ಎಂದಳು. 'ಅವನ ಸಲುವಾಗಿ ನಾನೇ ಮೂಲ್ಯಾಗ ಒಂದು ಮನಿ ಹೆಚ್ಚಿಗಿ ಮಾಡಿ ಕೊಟ್ಟಿದ್ದೆ. ಇಲ್ಲಿ ಕುಂದ್ರಪಾ, ಇಲ್ಲಿ ನಿನ್ನ ಯಾರೂ ಮುಟ್ಟಂಗಿಲ್ಲ ಅಂತ.'

ಖಾಜಾಸಾಬ ನನ್ನ ಮುಖ ನೋಡಿದ. ನಾನು ಅಂಗಡಿಯವನ ಮುಖ ನೋಡಿದೆ. ಬೇರೆ ಯಾರಾದರೂ ಹಾಗೆ ಗೀಟು ಹಾಕಿರಬಹುದು, ಆಟದಲ್ಲಿ ಊರಿಗೊಂದು ಪದ್ಧತಿ. ಆ ಮಾತು ಬಾಯಿಗೆ ಬಂದಿತ್ತು, ಆಡಲಿಲ್ಲ. ನೀಲಮ್ಮ ಸೆರಗಿನ ಗಂಟು ಬಿಚ್ಚಿ ಆ ಬೀಜವನ್ನು ಮೂಲೆಯ ಮನೆಯಲ್ಲಿ ಇಟ್ಟು ಎದ್ದಳು. ಕಪ್ಪು ಮೇಲೆ.

ತಿರುಗಿ ಬರುವಾಗ ಜೀಪು ಮಸ್ಕಿ ದಾಟಿತು. ಆಮೇಲೆ ನೀಲಮ್ಮ, 'ಸಾವ್ಕಾರ್ರ, ಅವತ್ತು ಬೀಜ ತಿರುವಿದವರು ನೀವೇ ಅಲ್ಲೇನ್ರಿ? ನನ್ನ ಸಂಕಟ ನೋಡಲಾರದೆ ತಿರುವಿದ್ರಿ ಅಂತ ತಿಳಕೊಂಡೀನಿ ನಾ' ಎಂದಳು.

ನಾನು ದಂಗಾದೆ. 'ಯವ್ವಾ, ನಾನು ನೀವು ತಿರುವಿದ್ರಿ ಅಂತ ತಿಳದೀನಲ್ರಿ.'

'ಕುಂತಲ್ಲಿಂದ ಕೈ ಅಷ್ಟುದ್ದ ಚಾಚಾಕ ನಾ ಏನು ಮಂಗ್ಯಾನೇನ್ರಿ?'

'ಇಬ್ರೂ ಸೇರಿ ಕಡೀಕ ನನ್ನ ಮ್ಯಾಲ ಹಾಕಬ್ಯಾಡ್ರಿ' ಎಂದ ಖಾಜಾಸಾಬ. ನೀಲಮ್ಮ ನಕ್ಕಳು. ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗಲೂ ಅದನ್ನೇ ತಿರುಗಾ ಮುರುಗಾ ಯೋಚಿಸುತ್ತೇನೆ. ಹಗ್ಗದಜ್ಜನೇ ಸಿದ್ದಪ್ಪ ಇದ್ದಿರಬಹುದು, ಒಪ್ಪುತ್ತೇನೆ. ತಾನು ಸತ್ತೆನೆಂದು ತಾನೇ ಹೇಳಿಕೊಂಡು ಅಕ್ಕನ ಎಡೆಗೆ ಕಾದಿರಬಹುದು, ಅದನ್ನೂ ಒಪ್ಪುತ್ತೇನೆ. ಮನುಷ್ಯನ ಬಿಗುಮಾನ ಅಂಥದು. ಆದರೆ ಅವನು ಅಲ್ಲೆಲ್ಲೋ ಹಗ್ಗ ಹೊಸೆಯುತ್ತಿದ್ದರೆ ಇಲ್ಲಿ ಪಾಮನಕಲ್ಲೂರಿನ ಪಡಸಾಲೆಯಲ್ಲಿ ಬೀಜ ಯಾಕೆ ಹೊರಳಬೇಕು? ಒಬ್ಬನೇ ಇದ್ದಾಗ ಅಂಗಡಿಯ ನೆಲದ ಮೇಲೆ ಬೇರೆ ಬೀಜಗಳನ್ನು ಬಿಳಿ ಮೇಲೆ ಮಾಡಿಟ್ಟು ನೋಡುತ್ತ ಕುಳಿತದ್ದುಂಟು. ಒಂದೂ ಅಲ್ಲಾಡಲಿಲ್ಲ. ನನ್ನ ಕಣ್ಣೇ ತಪ್ಪಿತೆನ್ನೋಣವೆಂದರೆ ಖಾಜಾಸಾಬ, ಮಲ್ಲಣ್ಣ, ಗಿರಿಜಾ ಇವರ ಕಣ್ಣುಗಳೂ ತಪ್ಪಬೇಕಲ್ಲ. ಮಲ್ಲಣ್ಣನನ್ನು ಕೇಳಿದರೆ, 'ಆ ಸುದ್ದಿ ತಗೀಬ್ಯಾಡ್ರಿ' ಎಂದು ಎದ್ದೇ ಹೋಗುತ್ತಾನೆ.

ಮದುವೆಯಾಯಿತು. ಹಿರಿಯರಿಗೆಲ್ಲ ಎಡೆ ಇಟ್ಟರು, ಸಿದ್ದಪ್ಪನಿಗೆ ಇಡಲಿಲ್ಲ. ಬದಲಿಗೆ ನೀಲಮ್ಮ ನನ್ನ ಅಂಗಡಿಯಿಂದಲೇ ಒಂದು ಸ್ಟೀಲ್ ಡಬ್ಬಿ ತರಿಸಿಕೊಂಡು ಅದರ ತುಂಬ ಮಾದಲಿ ಹಾಕಿ, ಮೇಲೆ ತುಪ್ಪ ಬಿಟ್ಟು, 'ಆ ಕಿರಾಣಿ ಅಂಗಡ್ಯಾವನ ಕೈಯಾಗ ಕೊಟ್ಟು ಬರ್ರಿ' ಎಂದು ಖಾಜಾಸಾಬನನ್ನು ಕಳಿಸಿದಳು. ಅಜ್ಜನ ಮನೆಗೆ ಇನ್ನೂ ಬೀಗವೇ ಇತ್ತಂತೆ. ಆತ ಡಬ್ಬಿಯನ್ನು ಅಂಗಡಿಯವನಿಗೆ ಕೊಟ್ಟು ಬಂದ. ಹಾಸುಗಲ್ಲಿನ ಮೂಲೆಯಲ್ಲಿ ಬೀಜ ಇರಲಿಲ್ಲ ಎಂದ. ಕೋಳಿ ಕೆದರಿರಬಹುದು ಎಂದೂ ತಾನೇ ಸೇರಿಸಿದ.

ಮಳೆಗಾಲ ಕಳೆದ ಮೇಲೆ ಆ ಡಬ್ಬಿ ಲಿಂಗಸುಗೂರು ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂತು. ಪುಂಡಿನಾರಿನ ಹೊಸ ಹಗ್ಗದಿಂದ ಬಿಗಿಯಾಗಿ ಕಟ್ಟಿತ್ತು. ಅಂಗಡಿಯವನಿಗೆ ಫೋನ್ ಮಾಡಿದೆ. ಅಜ್ಜ ಬಂದದ್ದನ್ನು ತಾನು ನೋಡಿಲ್ಲವೆಂದ. ಡಬ್ಬಿಯನ್ನು ಆ ಬೀಗದ ಬಾಗಿಲ ಮುಂದೆ ಇಟ್ಟು ಬಂದಿದ್ದನಂತೆ, ಮಾರನೆಯ ದಿನ ಅಲ್ಲಿರಲಿಲ್ಲ. ಈಗ ಬೆಳಿಗ್ಗೆ ಅಂಗಡಿ ತೆರೆದರೆ ಮೆಟ್ಟಿಲ ಮೇಲೆ ಹೀಗೆ ಕಟ್ಟಿಟ್ಟಿತ್ತಂತೆ.

ನಾನೂ ಖಾಜಾಸಾಬನೂ ಅದನ್ನು ಬಿಚ್ಚದೆ ಪಾಮನಕಲ್ಲೂರಿಗೆ ಒಯ್ದೆವು. ನೀಲಮ್ಮ ಹಗ್ಗವನ್ನು ಕತ್ತರಿಸಲು ಬಿಡದೆ ತಾನೇ ಗಂಟು ಬಿಚ್ಚಿದಳು. ಡಬ್ಬಿಯನ್ನು ಬೂದಿಯಿಂದ ತಿಕ್ಕಿ ತೊಳೆದಿತ್ತು. ಒಳಗೆ ಒಂದೇ ಒಂದು ಹುಣಸೆ ಬೀಜ. ನಮ್ಮದಲ್ಲ, ಬೇರೆಯದು. ನೀಲಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಕಡೆ ನೋಡಿದಳು, ಹೊರಳಿಸಿ ಇನ್ನೊಂದು ಕಡೆ ನೋಡಿದಳು. ಎರಡೂ ಕಡೆ ಕಪ್ಪು. ಯಾರೂ ಉಜ್ಜದ ಬೀಜ.

ಅದನ್ನು ಜಗುಲಿಯ ಮೇಲಿನ ದೇವರ ಮುಂದೆ ಇಟ್ಟು ಬಂದು, 'ಗಿರಿಜಾ, ಇವರಿಗೆ ರೊಟ್ಟಿ ಹಚ್ಚಿಕೊಡು, ಉಂಡು ಹೋಗಲಿ' ಎಂದಳು.