ರಂಗೂಬಾಯಿ ಅಕ್ಕೋರು ಬದಲಿಸಿದ ಮಾತು

ಮಧ್ಯಾಹ್ನ ಎರಡೂವರೆ ಆಯಿತೆಂದರೆ ಆಲಮೇಲದ ಶ್ರೀಶೈಲಪ್ಪನವರ ಪಡಸಾಲೆಯಲ್ಲಿ ರಂಗೂಬಾಯಿ ಅಕ್ಕೋರಿಗೆ ಎಲ್ಲಿಲ್ಲದ ಮರ್ಯಾದೆ. ಮೂವತ್ತು ವರ್ಷ ಶಾಲೆಯಲ್ಲಿ ಹಿಂದಿ ಕಲಿಸಿದಾಗಲೂ ಅಷ್ಟು ಸಿಕ್ಕಿರಲಿಲ್ಲ. ಆಗ ಹುಡುಗಿಯರು ಛಡಿಗೆ ಹೆದರಿ ಕೂತರೂ ಆಕಳಿಸುತ್ತಿದ್ದರು. ಈಗ ಓಣಿಯ ಹೆಂಗಸರು ಕಣ್ಣು ಪಿಳುಕಿಸದೆ ಅವರ ಬಾಯನ್ನೇ ನೋಡುತ್ತಿದ್ದರು. ಟೀವಿಯಲ್ಲಿ ಹಿಂದಿ ಧಾರಾವಾಹಿ ಬರುವ ಹೊತ್ತು ಅದು. ರಾತ್ರಿ ಮೊದಲ ಸಲ ಬಂದಾಗ ಕರೆಂಟು ಇರುತ್ತಿರಲಿಲ್ಲ, ಮರುದಿನದ ಮರುಪ್ರಸಾರವೇ ಗತಿ. ಪಾತ್ರಗಳು ಹಿಂದಿಯಲ್ಲಿ ಆಡಿದ್ದನ್ನು ಅಕ್ಕೋರು ಬೆನ್ನಿಗೇ ಕನ್ನಡದಲ್ಲಿ ಹೇಳಬೇಕು. ಗಂಡ ತೀರಿಕೊಂಡ ಮೇಲೆ ಅದೇ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗಿದ್ದ ಅವರಿಗೆ ದಿನದಲ್ಲಿ ನಾಲ್ಕು ಜನರ ಜೊತೆ ಮಾತಾಡುವ ಭಾಗ್ಯವೆಂದರೆ ಇದೊಂದೇ.

ಕಥೆ ಹೊಸದೇನಲ್ಲ. ಬಂಗಲೆಯ ಮಗ ಡ್ರೈವರನ ಮಗಳನ್ನು ಮೆಚ್ಚಿದ್ದಾನೆ, ಅವನ ತಾಯಿ ಒಪ್ಪುತ್ತಿಲ್ಲ. ಏಳು ತಿಂಗಳಾದರೂ ಒಪ್ಪಿಲ್ಲ. ನಲವತ್ತು ಎಕರೆ ಕಬ್ಬಿನ ಒಡತಿ ಬಾಳಮ್ಮ, ಶ್ರೀಶೈಲಪ್ಪನವರ ಹೆಂಡತಿ, ಆ ಡ್ರೈವರನ ಮಗಳಿಗಾಗಿ ಸೆರಗು ಒದ್ದೆಯಾಗುವಂತೆ ಅಳುತ್ತಿದ್ದಳು. "ಆ ಹೆಂಗಸಿನ ಬಾಯಾಗ ಮಣ್ಣ ಬೀಳ್ಲಿ! ಸತ್ತಾಗ ಬಂಗ್ಲೆ ಹೊತಗೊಂಡ ಹೋಗ್ತಾಳೇನು?" ಎಂದು ಶಪಿಸುತ್ತಿದ್ದಳು.

ಅವಳು ಹಾಗೆ ಅಂದಾಗಲೆಲ್ಲ ಅಕ್ಕೋರು ಅವಳ ಮುಖ ನೋಡಲಾರದೆ ಟೀವಿಯತ್ತಲೇ ಕಣ್ಣು ನೆಡುತ್ತಿದ್ದರು. ಏಕೆಂದರೆ ಬಾಳಮ್ಮನ ಸ್ವಂತ ಮಗಳು ಸುವರ್ಣಾ, ಅಕ್ಕೋರ ಹಳೆಯ ವಿದ್ಯಾರ್ಥಿನಿ, ಕಲ್ಮೇಶನನ್ನು ಮೆಚ್ಚಿದ್ದಳು. ಕಲ್ಮೇಶ ಊರಿಗೆಲ್ಲ ಕೇಬಲ್ ಎಳೆಯುವವನು. ಅವನ ತಾಯಿ ರುಕ್ಮವ್ವ ಇದೇ ಮನೆಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು. ಜಾತಿ ಒಂದೇ. ಆದರೆ ಅವರಿಗೆ ಒಂದು ಗುಂಟೆ ಹೊಲವಿಲ್ಲ. ಬಸವನ ಬಾಗೇವಾಡಿಯ ಮನೆತನವೊಂದು ಯುಗಾದಿ ಆದ ಮೇಲೆ ಕನ್ಯೆ ನೋಡಲು ಬರುವುದಿತ್ತು. "ಅವ್ವಗ ನೀವ ಒಂದ ಮಾತ ಹೇಳ್ರಿ ಅಕ್ಕೋರ, ನಿಮ್ಮ ಮಾತಂದ್ರ ಕೇಳ್ತಾಳ," ಎಂದು ಸುವರ್ಣಾ ಗೋಗರೆದಿದ್ದಳು. ತಿಂಗಳಾದರೂ ಅಕ್ಕೋರ ನಾಲಿಗೆ ಏಳಲಿಲ್ಲ. ತರಗತಿಯಲ್ಲಿ ಹುಲಿಯಂತಿದ್ದ ಹೆಂಗಸು ಬಾಳಮ್ಮನೆದುರು ಇಲಿ.

ಒಂದು ದಿನ ಧಾರಾವಾಹಿಯ ತಾಯಿ ಡ್ರೈವರನ ಮಗಳ ಮುಂದೆ ನಿಂತು, ನನ್ನ ಹೆಣ ದಾಟಿ ಈ ಹೊಸ್ತಿಲು ದಾಟು ಎಂದು ಗುಡುಗಿದಳು.

"ಏನಂದ್ಲ್ರಿ ಅಕ್ಕೋರ?" ಬಾಳಮ್ಮ ಕೇಳಿದಳು.

ಅಕ್ಕೋರ ಬಾಯಿಂದ ಅದು ಹೇಗೆ ಬಂತೋ ಅವರಿಗೇ ತಿಳಿಯದು. "ಒಪ್ಪಿದ್ಲು ನೋಡ್ರಿ! ಈ ಮನಿಗೆ ನೀನ ಸೊಸಿ ಅಂದ್ಲು."

"ಮತ್ತ್ಯಾಕ ಅಷ್ಟ ಸಿಟ್ಟಿಲೆ ಅದಾಳ?"

"ದೊಡ್ಡ ಮನಿಯವರು ಒಪ್ಪೂದೂ ಸಿಟ್ಟಿಲೇನ ಇರ್ತದ್ರಿ."

ಹೆಂಗಸರೆಲ್ಲ ಅಬ್ಬಾ ಎಂದು ಉಸಿರು ಬಿಟ್ಟರು. ಹಿಂದಿ ಬಲ್ಲ ಸುವರ್ಣಾ ಬಾಗಿಲ ಮರೆಯಲ್ಲಿ ಕಿಸಕ್ಕನೆ ನಕ್ಕಳು. ಬಾಳಮ್ಮ ಮಾತ್ರ, "ಚೊಲೋ ಆತು ಬಿಡ್ರಿ," ಎಂದಷ್ಟೇ ಹೇಳಿ ಎಲೆಯಡಿಕೆ ತಟ್ಟೆ ಎಳೆದುಕೊಂಡಳು. ಟೀವಿಯೊಳಗಿನ ಮದುವೆಗೆ ಮನಸ್ಸು ಒಗ್ಗಿದರೆ ಮನೆಯೊಳಗಿನದ್ದಕ್ಕೂ ಒಗ್ಗೀತು ಎಂದು ಅಕ್ಕೋರು ಲೆಕ್ಕ ಹಾಕಿದರು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕು ಅನ್ನುತ್ತಾರೆ. ಇಲ್ಲಿ ದಿನಕ್ಕೆ ಹತ್ತಾದರೂ ಬೇಕಾದವು. ಮರುದಿನ ಆ ತಾಯಿ ಹುಡುಗಿಯ ಟ್ರಂಕನ್ನು ಹೊರಗೆ ಎಸೆದಳು. ಲಗ್ನದ ತಯಾರಿಗೆ ತವರಿಗೆ ಕಳಿಸಲಿಕತ್ತಾಳ ಎಂದರು ಅಕ್ಕೋರು. ಅದರ ಮರುದಿನ ಮಗನ ಕೆನ್ನೆಗೆ ಬಾರಿಸಿದಳು. ಉಪ್ಪರಿಗೆಗೆ ಬಣ್ಣ ಹಚ್ಚಿಸುವ ಮಾತಿಗೆ ಜಗಳ ಎಂದರು. ಮನೆಗೆ ಹಿಂದಿ ಬಲ್ಲ ನೆಂಟರು ಯಾರಾದರೂ ಬಂದರೆ? ಈ ಭಯಕ್ಕೆ ಬಸ್ಸಿನ ಹಾರ್ನು ಕೇಳಿದರೆ ಸಾಕು, ಅವರ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಸುವರ್ಣಾಳಿಗೆ ಮಾತ್ರ ಆಸೆ ಚಿಗುರಿತ್ತು. "ಇನ್ನೆರಡ ದಿನ ಹಿಂಗ ಹೇಳ್ರಿ. ಅವ್ವ ಮೆತ್ತಗ ಆಗಾಕತ್ತಾಳ," ಎಂದು ಪಿಸುಗುಟ್ಟುತ್ತಿದ್ದಳು.

ಐದನೆಯ ದಿನ ಅಕ್ಕೋರು ಹೋದಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರು ಯಾರೂ ಇರಲಿಲ್ಲ. ಟೀವಿ ಹಚ್ಚಿರಲಿಲ್ಲ. ಬಾಳಮ್ಮ ಒಬ್ಬಳೇ ಕೂತಿದ್ದಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

"ಕುಂದರ್ರಿ ಅಕ್ಕೋರ. ನಾ ಹಿಂದಿ ಕಲ್ತಿಲ್ಲ ಖರೆ, ಹೆಂಗಸಿನ ಮಾರಿ ಓದಾಕ ಬರ್ತೈತಿ. ಅಕಿ ಒಪ್ಪಿಲ್ಲ. ಮೊದಲನೇ ದಿನಾನ ನನಗ ಗೊತ್ತಾತು. ನೀವು ಸುಮಸುಮ್ನ ಸುಳ್ಳ ಹೇಳಾವ್ರಲ್ಲ. ಯಾರ ಸಲುವಾಗಿ ಹೇಳಾಕತ್ತಾರ ಅಂತ ವಿಚಾರ ಮಾಡಿದೆ. ನೀವು ಒಪ್ಪಿದ್ಲು ಅಂದಾಗ ನನ್ನ ಮಗಳು ನಕ್ಕಿದ್ದು ನೆನಪಾತು. ಯಾರ ಅಂವಾ?"

ಹೆಸರು ಹೇಳಬಾರದೆಂದು ಅಕ್ಕೋರು ತುಟಿ ಬಿಗಿಹಿಡಿದರು. ಆದರೆ ಕಣ್ಣು ಕೇಳಬೇಕಲ್ಲ. ಅದು ತಾನಾಗಿ ಅಡುಗೆಮನೆಯ ಕಡೆ ಹೊರಳಿತು. ಬಾಳಮ್ಮನ ಕಣ್ಣೂ ಅದರ ಹಿಂದೆಯೇ ಹೋಯಿತು. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದೆಂದರೆ ಇದೇ. ಕಾಪಾಡಲು ಹೋದ ಇಬ್ಬರನ್ನೂ ಅಕ್ಕೋರು ತಾವೇ ಹಿಡಿದುಕೊಟ್ಟಿದ್ದರು.

"ರುಕ್ಮವ್ವನ ಮಗಾ," ಬಾಳಮ್ಮ ಮೆಲ್ಲಗೆ ಅಂದಳು.

"ಒಳ್ಳೆ ಹುಡುಗ ಇದ್ದಾನ್ರಿ. ಆ ಟೀವಿಯೊಳಗಿನ ಹುಡುಗಿ ಸಲುವಾಗಿ ಏಳು ತಿಂಗಳು ಅತ್ತೀರಿ ನೀವು."

"ಅತ್ತೇನಿ. ಅಕಿ ನನ್ನ ಮನಿಗೆ ಬರಾಕಿ ಅಲ್ಲಲ್ರಿ." ಬಾಳಮ್ಮ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದಳು. "ನಾಳೆ ರುಕ್ಮವ್ವ ಬೀಗತಿ ಆದ್ರ ಎಲ್ಲಿ ಕುಂದರಸ್ಲಿ? ನನ್ನ ಬಾಜೂಕೋ, ಒಲಿ ಮುಂದೋ? ಅದೂ ಹೋಗ್ಲಿ. ನಮ್ಮ ಮನಿಯವ್ರಿಗೆ ತಿಳೀತಂದ್ರ ಆ ಹುಡುಗನ ಕಾಲ ಉಳಿಯೂದಿಲ್ಲ. ಬಾಗೇವಾಡಿಯವ್ರಿಗೆ ಯುಗಾದಿ ಹಾದಿ ಕಾಯಬ್ಯಾಡ್ರಿ, ನಾಡದ ಬರ್ರಿ ಅಂತ ಹೇಳಿ ಕಳಿಸ್ತೇನಿ. ಇದನ್ನ ಸುವರ್ಣಾಗ ನೀವ ಹೇಳ್ರಿ. ಮಗಳ ಮಾರಿ ನೋಡಿ ಹೇಳಾಕ ನನಗ ಆಗೂದಿಲ್ಲ. ಆದ್ರ ಈ ಸಲ ನನ್ನ ಮಾತ ಒಂದ ಅಕ್ಷರಾನೂ ತಿರವಬ್ಯಾಡ್ರಿ."

ಹಿತ್ತಿಲಲ್ಲಿ ಸುವರ್ಣಾ ಕಾಯುತ್ತಿದ್ದಳು. ಅಕ್ಕೋರನ್ನು ಕಂಡೊಡನೆ ಓಡಿಬಂದು ಕೈ ಹಿಡಿದಳು. "ಅವ್ವ ಏನಂದ್ಲ್ರಿ?"

ಮೆತ್ತಗೆ ಮಾಡಿ ಹೇಳುವ ಹತ್ತು ಮಾತು ಅಕ್ಕೋರ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡರು. ಬೀಗತಿಯ ಮಾತು, ಒಲೆಯ ಮಾತು, ಕಾಲಿನ ಮಾತು, ನಾಡಿದ್ದು ಬರುವವರ ಮಾತು, ಬಾಳಮ್ಮ ಆಡಿದ್ದನ್ನು ಆಡಿದ ಹಾಗೆಯೇ ಹೇಳಿದರು.

ಸುವರ್ಣಾ ಪೂರ್ತಿ ಕೇಳಿದಳು. ಹಿಡಿದ ಕೈಯನ್ನು ಬಿಡಲಿಲ್ಲ. ಮುಖದಲ್ಲಿ ನಗು ತಂದುಕೊಂಡು ಕೇಳಿದಳು:

"ನೀವ ಬದಲ ಮಾಡಿ ಹೇಳಾಕತ್ತೀರಿ, ಹೌದಲ್ರಿ ಅಕ್ಕೋರ?"

"ಇಲ್ಲವ್ವಾ," ಅಂದರು ಅಕ್ಕೋರು.