ಗ್ರೀಕಿನ ಹಕಾರ

ಗ್ರೀಕ್ ಕಲಿಯುವ ಆಸೆ ಮೊದಲು ಹುಟ್ಟಿದ್ದು ನನಗಲ್ಲ, ನಮ್ಮ ಶಾಲೆಯ ಗಣಿತದ ಮೇಡಂಗೆ. ಚಾಮರಾಜನಗರದ ಚರ್ಚಿನ ಪಕ್ಕದ ಕೋಣೆಯಲ್ಲಿ ವಯಸ್ಸಾದ ಸಿಸ್ಟರೊಬ್ಬರು ಭಾನುವಾರ ಮಧ್ಯಾಹ್ನ ಬೈಬಲಿನ ಗ್ರೀಕ್ ಹೇಳಿಕೊಡುತ್ತಿದ್ದರು. ಗುಂಡ್ಲುಪೇಟೆಯಿಂದ ಒಬ್ಬರೇ ಹೋಗಲು ಬೇಜಾರು, ಜೊತೆಗೆ ಬನ್ನಿ ಎಂದು ಮೇಡಂ ಕರೆದರು. ನಾನು ಬೇಗೂರಿನ ಶಿವಭಕ್ತರ ಮನೆಯ ಸೊಸೆ, ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಬೈಬಲ್ ತೆರೆದು ನೋಡಿದವಳೂ ಅಲ್ಲ. ಆದರೂ ಹೋದೆ. ತಿಂಗಳು ತುಂಬುವುದರೊಳಗೆ ಅವರು ಬಿಟ್ಟರು, ನಾನು ಉಳಿದೆ.

ಉಳಿಸಿಕೊಂಡದ್ದು ವಿಭಕ್ತಿ. ಪದದ ಬಾಲ ಬದಲಾದರೆ ಅರ್ಥವೂ ಬದಲಾಗುತ್ತದೆ ಎಂದು ಸಿಸ್ಟರ್ ಬೋರ್ಡಿನ ಮೇಲೆ ಬರೆದಾಗ ಉಳಿದವರು ತಲೆ ಕೆರೆದುಕೊಂಡರು. ನನಗೋ ಅದು ವರ್ಷವೂ ಮಕ್ಕಳಿಗೆ ಮಾಡುವ ಪಾಠ. ಇಷ್ಟೇನಾ ಅಂದುಕೊಂಡೆ. ಆ ಜಂಬ ಇಳಿಸಿದ್ದು ಹಕಾರ.

ಗ್ರೀಕಿನಲ್ಲಿ ಹಕಾರಕ್ಕೆ ಅಕ್ಷರವಿಲ್ಲ. ಪದದ ಮೊದಲ ಸ್ವರದ ನೆತ್ತಿಯ ಮೇಲೆ ಅಲ್ಪವಿರಾಮದಷ್ಟು ಪುಟ್ಟ ಕೊಂಕು. ಅದು ಬಲಕ್ಕೆ ಬಾಯಿ ತೆರೆದಿದ್ದರೆ ಹಕಾರ ಉಂಟು, ಎಡಕ್ಕಾದರೆ ಇಲ್ಲ. ‘ಹೆನ್’ ಎಂದರೆ ಒಂದು, ‘ಎನ್’ ಎಂದರೆ ಒಳಗೆ. ನಾನು ಎರಡನ್ನೂ ಎನ್ ಎಂದೇ ಓದಿದೆ. ದಾರಿ ಎಂಬ ಅರ್ಥದ ‘ಹೊದೊಸ್’ ನನ್ನ ಬಾಯಲ್ಲಿ ‘ಒದೊಸ್’ ಆಯಿತು. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರವೇ ಇಲ್ಲ. ಪಾಠದ ಕನ್ನಡದಲ್ಲಿ ಕಷ್ಟಪಟ್ಟು ತಿದ್ದಿಕೊಂಡಿದ್ದ ನಾಲಿಗೆ, ಹೊಸ ಲಿಪಿ ಕಂಡದ್ದೇ ತಡ, ತವರಿಗೆ ಓಡಿತ್ತು.

“ಟೀಚರ್, ನಿಮ್ಮ ಹಕಾರ ಎಲ್ಲಿ ಹೋಯಿತು?” ಎಂದರು ಸಿಸ್ಟರ್.

“ಬಸ್ಸಲ್ಲೇ ಬುಟ್ಬುಟ್ಟು ಬಂದೆ ಅನ್ಸುತ್ತೆ ಸಿಸ್ಟರ್.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಮಾತ್ರ ಉರಿಯುತ್ತಿತ್ತು. “ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಓದಿ. ಉಸಿರು ತಾಗಬೇಕು,” ಎಂದರು ಅವರು.

ಮನೆಯಲ್ಲಿ ಹಾಗೆ ಮಾಡುವುದನ್ನು ನೋಡಿ ಅತ್ತೆ ಕೇಳಿದರು: “ಅದ್ಯಾಕಮ್ಮಿ ಕಾಪಿ ಆರುಸ್ದಂಗೆ ಕೈಗೆ ಊದ್ಕೋತೀಯೆ?”

ವಿಷಯ ಹೇಳಿದೆ. ಕ್ರೈಸ್ತರ ಪುಸ್ತಕ ನಮಗ್ಯಾಕೆ ಅನ್ನುತ್ತಾರೇನೋ ಎಂದು ಅಳುಕಿತ್ತು. ಅವರು ಅವರೆಕಾಯಿ ಮೊರ ಎಳೆದುಕೊಂಡು ಎದುರಿಗೇ ಕೂತರು. “ಓದು, ನಾನೂ ಕೇಳ್ತೀನಿ.” ಸಂಜೆಸಂಜೆಯೂ ಅದೇ ಆಯಿತು. ಅವರು ಕಾಯಿ ಸುಲಿಯುವುದು, ನಾನು ಓದುವುದು. ಎಡವಿದರೆ, “ನೆನ್ನೆ ಇಂಗೆ ಅನ್ನಿಲ್ವಲ್ಲ, ಉಸುರು ಕಣಮ್ಮಿ, ಉಸುರು!” ಎಂದು ಗದರುವರು.

ಚಳಿಗಾಲ ಮುಗಿದ ಮೇಲೆ ಸಿಸ್ಟರ್ ಒಬ್ಬೊಬ್ಬರಿಗೂ ಅದುವರೆಗೆ ಓದಿರದ ಒಂದು ಪುಟ ಕೊಟ್ಟು, ಗಟ್ಟಿಯಾಗಿ ಓದಿ ಎಂದರು. ನನ್ನ ಸರದಿ ಬಂದಾಗ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ. ಸಿಸ್ಟರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂರನೇ ಸಾಲಿನ ಹೊತ್ತಿಗೆ ಹಕಾರದ ಯೋಚನೆಯೇ ಮರೆತುಹೋಯಿತು. ದಾರಿಯ ಬದಿಯಲ್ಲಿ ಒಬ್ಬ ಕುರುಡ ಕೂತಿದ್ದಾನೆ, ಜನ ಹೋಗುತ್ತಿದ್ದಾರೆ, ಅವನು ಕೂಗುತ್ತಿದ್ದಾನೆ. ಯಾರೂ ಬಿಡಿಸಿ ಹೇಳದೆ, ಕನ್ನಡಕ್ಕೆ ತಿರುಗಿಸಿಕೊಳ್ಳದೆ, ಅವನು ನನಗೆ ಕಂಡ! ದನಿ ಏರಿಸಿ ಕೊನೆಯವರೆಗೂ ಓದಿದೆ.

ಸಿಸ್ಟರ್ ಕಣ್ಣು ತೆರೆದರು. “ಒಂದು ಹಕಾರವೂ ಬಿದ್ದುಹೋಗಲಿಲ್ಲ ಟೀಚರ್. ಹೊಸಬರಿಗೆ ಇನ್ನು ಅಕ್ಷರ ನೀವೇ ಹೇಳಿಕೊಡಿ.”

ಮನೆ ಸೇರಿದಾಗ ಅತ್ತೆ ಜಗಲಿಯಲ್ಲೇ ಕಾದಿದ್ದರು. “ಎಂಗಾಯ್ತು?”

“ಗೆದ್ಬುಟ್ಟೆ ಅತ್ತೆ!”

ಅವರು ಎದುರುಮನೆಗೆ ಕೇಳುವಂತೆ ಕೂಗಿದರು: “ನಮ್ಮ ಸೊಸೆ ಗ್ರೀಕು ಓದ್ಬುಟ್ಳು ಕಣವ್ವಾ!”

“ಗ್ರೀಕು ಅಂದ್ರೇನವ್ವಾ?”

“ಅದೆಲ್ಲ ನಂಗೊತ್ತಿಲ್ಲ. ಬಾ, ಪಾಯ್ಸ ಮಾಡ್ತೀನಿ, ಉಣ್ಕೊಂಡು ಓಗು.”